ಖಲ್ಫಾನ್ ಅಜ್ಜನ ಗಂಡು ಮರ ಮತ್ತು ನನ್ನ ಗೂಟಗಳು

ಈ ಫೆಬ್ರವರಿಯಲ್ಲಿ ಸೊಹಾರ್ ಕಡೆಗೆ ಒಂದು ಮದುವೆಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ಮಗಳು ಅಫ್ರಾ. ಲೈಸೆನ್ಸ್ ಸಿಕ್ಕಿ ತಿಂಗಳೂ ಆಗಿರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೀನಖಂಡ ನೋಯಿಸಿಕೊಂಡಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಿಂದಿನ ಸೀಟಿನಲ್ಲಿದ್ದ ಹೆಂಡತಿ ರಮ್ಲತ್ ಎರಡು ಸಲ ಹೇಳಿ ನೋಡಿದಳು, ಮೂರನೆಯ ಸಲ ಕಣ್ಣು ಮುಚ್ಚಿ ಮಲಗಿದಳು.

ಸಹಮ್ ಹತ್ತಿರ ಬಂದಾಗ ರಸ್ತೆ ಇದ್ದಕ್ಕಿದ್ದ ಹಾಗೆ ಬಲಕ್ಕೆ ಬಾಗಿ, ಸ್ವಲ್ಪ ದೂರ ಹೋಗಿ ಮತ್ತೆ ತನ್ನ ದಾರಿಗೆ ಬರುತ್ತದೆ. ಅಫ್ರಾ ಸ್ಟಿಯರಿಂಗ್ ತಿರುಗಿಸುತ್ತಾ ಬೈದಳು.

"ಇದೆಂತ ಕರ್ವ್ ಪಪ್ಪ? ಸ್ಟ್ರೈಟ್ ಹಾಕ್ಬಹುದಿತ್ತಲ್ಲ? ಬ್ಯಾಡ್ ಡಿಸೈನ್!"

ನಾನು ಏನಾದರೂ ಹೇಳುವ ಮೊದಲೇ ಅವಳು ಕಿಟಕಿ ಇಳಿಸಿದಳು. ಗಾಳಿಯ ಜೊತೆ ಒಂದು ವಾಸನೆ ಬಂತು. ಆಗತಾನೇ ಕಲಸಿದ ಹಸಿ ಹಿಟ್ಟಿನ ವಾಸನೆ. ಅದರ ಹಿಂದೆ ಏನೋ ಮೈಯ ವಾಸನೆ, ಹೇಳಲು ನಾಚಿಕೆಯಾಗುವಂಥದ್ದು. ಏಳು ವರ್ಷ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ.

"ಕಾರು ನಿಲ್ಸು," ಎಂದೆ.

ಏಳು ವರ್ಷದ ಹಿಂದಿನ ಜನವರಿಯಲ್ಲಿ ನಾನು ಸಹಮ್‌ಗೆ ಬಂದದ್ದು ಈ ರಸ್ತೆಯನ್ನು ಅಳೆಯಲಿಕ್ಕೆ. ಮನೆ ರಾಜಧಾನಿಯ ವಾದಿ ಕಬೀರ್‌ನಲ್ಲಿ, ಗ್ಯಾರೇಜುಗಳ ಹಿಂದಿನ ಸಾಲಿನಲ್ಲಿ. ಹೆಂಡತಿ, ಮಗಳು ಅಲ್ಲಿ; ನಾನು ಶನಿವಾರ ಸಂಜೆ ಹೊರಟು ಐದು ದಿನ ಸಹಮ್‌ನಲ್ಲಿದ್ದು ಗುರುವಾರ ಸಂಜೆ ವಾಪಸ್. ಊರು ದಕ್ಷಿಣ ಕನ್ನಡ. ಮನೆಮಾತು ಬ್ಯಾರಿ, ಓದಿದ್ದು ಕನ್ನಡ ಶಾಲೆ, ಹೊಟ್ಟೆಪಾಡು ಸರ್ವೆ. ಟ್ರೈಪಾಡ್ ಹೊತ್ತು ಗಲ್ಫಿಗೆ ಬಂದು ಆಗಲೇ ಹನ್ನೊಂದು ವರ್ಷವಾಗಿತ್ತು. ಮರಳಲ್ಲೂ ಗುಡ್ಡದಲ್ಲೂ ಗೆರೆ ಎಳೆದದ್ದೇ ಎಳೆದದ್ದು. ತೋಟದೊಳಗೆ ಎಳೆದದ್ದು ಅದೇ ಮೊದಲು.

ಸಮುದ್ರಕ್ಕೂ ಹಳೆ ಹೆದ್ದಾರಿಗೂ ನಡುವೆ ಉದ್ದಕ್ಕೆ ಖರ್ಜೂರದ ತೋಟಗಳು. ಒಂದೇ ಬುಡಕಟ್ಟಿನ ಜನ, ತಲೆತಲಾಂತರದಿಂದ ಅಲ್ಲೇ. ಹೆಚ್ಚಿನವರು ರಸ್ತೆಗೆ ತೋಟದ ಅಂಚು ಬಿಟ್ಟುಕೊಟ್ಟು, ಹೊಸ ಮನೆಗಳಿಗೆ ಹೋಗಲು ಒಪ್ಪಿ ಸಹಿ ಹಾಕಿದ್ದರು. ಹಾಕದೆ ಉಳಿದವರು ಒಬ್ಬರು, ಖಲ್ಫಾನ್. ಎಂಬತ್ತರ ಹತ್ತಿರದ ಪ್ರಾಯ. ಯೌವನದಲ್ಲಿ ಬಂದೂಕು ಹಿಡಿದವರಂತೆ. ನಾನು ನೋಡುವಾಗ ಕೈಯಲ್ಲಿದ್ದದ್ದು ಒಂದು ತೆಳ್ಳಗಿನ ಬೆತ್ತ. ಅವರ ತೋಟದ ನಡುವೆ ಒಂದು ಬಾವಿ. ಸುತ್ತಲಿನ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿದ್ದರೂ ಅದರಲ್ಲಿ ಮಾತ್ರ ಸಿಹಿನೀರು.

ರಸ್ತೆಗೆ ಎರಡು ದಾರಿಗಳಿದ್ದವು. ನೇರ ಹೋದರೆ ಬಾವಿಯ ಮೇಲೆಯೇ. ಬಾಗಿ ಹೋದರೆ ಸಮುದ್ರದ ಕಡೆಯ ಖಾಲಿ ಉಪ್ಪುನೆಲದ ಮೇಲೆ. ಅದಕ್ಕೆ ಮಣ್ಣು ತುಂಬಬೇಕು, ಖರ್ಚು ಜಾಸ್ತಿ. ಬಾವಿಯ ಸುತ್ತ ಫಲ ಕೊಡುವ ಮರಗಳಿದ್ದರೆ ರಸ್ತೆ ಬಾಗಬೇಕು, ಬಂಜೆ ಮರಗಳಾದರೆ ನೇರ ಹೋಗಬಹುದು. ನಿಯಮ ಇಷ್ಟೇ. ಯಾವುದು ಫಲದ್ದು, ಯಾವುದು ಬಂಜೆ ಎಂದು ಪಟ್ಟಿ ಬರೆಯಬೇಕಾದವನು ನಾನು.

ಮೊದಲ ದಿನ ಅಜ್ಜ ನನ್ನನ್ನು ತಡೆಯಲಿಲ್ಲ. ಊರು ಯಾವುದೆಂದು ಕೇಳಿದರು. ನಾನು ಮಂಗಳೂರು ಎಂದದ್ದೇ ತಡ, ಮುಖ ಅರಳಿತು.

"ಮಂಗ್ಲೂರ್! ಹಂಚು! ಕೆಂಪು ಹಂಚು!"

ಹುಡುಗನಾಗಿದ್ದಾಗ ತಂದೆಯ ಹಾಯಿಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಬಂದಿದ್ದರಂತೆ, ವಾಪಸ್ ಹೋಗುವಾಗ ಹಂಚು. ಅವರ ಮಾತು ಅರ್ಧ ಅರಬ್ಬಿ, ಅರ್ಧ ಮುರುಕು ಹಿಂದಿ. ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನಿನ್ನ ಊರಿಗೆ ಬಂದಾಗ ನಾನು ಯಾರ ಜಾಗವನ್ನೂ ಅಳೆಯಲಿಲ್ಲ," ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅಳತೆ ಶುರು ಮಾಡಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ತೆಂಗಿನ ನೆರಳಲ್ಲಿ ಹುಟ್ಟಿದವನ ತಪ್ಪು ಅದು; ಬೇರೆ ಯಾರೂ ಅದನ್ನು ಅಷ್ಟು ಧೈರ್ಯದಿಂದ ಮಾಡುತ್ತಿರಲಿಲ್ಲ. ನಮ್ಮಲ್ಲಿ ತೆಂಗಿನ ಮರವೆಂದರೆ ಮರ. ಒಂದೇ ಹೊಂಬಾಳೆಯಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಕಾಯಿ ಬಿಟ್ಟರೆ ಒಳ್ಳೆ ಮರ, ಬಿಡದಿದ್ದರೆ ಬಂಜೆ, ಕಡಿದು ಹಾಕು. ಹನ್ನೊಂದು ವರ್ಷ ಈ ದೇಶದ ಖರ್ಜೂರ ತಿಂದೆನೇ ಹೊರತು ಮರದ ಕಡೆ ತಲೆಯೆತ್ತಿ ನೋಡಿದವನಲ್ಲ. ಜನವರಿಯಲ್ಲಿ ಯಾವ ಮರದಲ್ಲೂ ಹಣ್ಣಿರುವುದಿಲ್ಲ. ಹೋದ ವರ್ಷದ ಗೊನೆಯ ಒಣಗಿದ ತೊಟ್ಟು ತಲೆಯಲ್ಲಿ ಕಂಡರೆ ಫಲದ ಮರ, ಕಾಣದಿದ್ದರೆ ಬಂಜೆ ಎಂದು ನಾನೇ ಒಂದು ಲೆಕ್ಕಾಚಾರ ಹಾಕಿಕೊಂಡೆ. ಬಹಳ ಜಾಣತನ ಮಾಡಿದೆ ಎಂದೂ ಅನಿಸಿತು.

ಬಾವಿಯ ಪಕ್ಕದಲ್ಲೇ ಒಂದು ಮರವಿತ್ತು. ತೋಟದಲ್ಲೇ ದಪ್ಪ, ಗರಿಗಳು ದಟ್ಟ, ತಲೆಯಲ್ಲಿ ಒಂದು ತೊಟ್ಟಿನ ಗುರುತೂ ಇಲ್ಲ. ಅದರ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ಗುಣಿಸುವ ಚಿಹ್ನೆ ಬಳಿದೆ. ನಲವತ್ತೊಂದನೆಯ ನಂಬರು. ಬಂಜೆ. ಬಾವಿಯ ಸುತ್ತ ಇನ್ನೂ ಮೂರು ಹಾಗೆಯೇ ಸಿಕ್ಕವು; ಅವು ಪ್ರಾಯ ಸಾಲದ ಎಳೆ ಮರಗಳೆಂದು ಆಮೇಲೆ ಗೊತ್ತಾಯಿತು. ಪಟ್ಟಿ ಆಫೀಸಿಗೆ ಹೋಯಿತು. ಹತ್ತು ದಿನದಲ್ಲಿ ಉತ್ತರ: ರಸ್ತೆ ನೇರ. ನಾನು ಬಾವಿಯ ಆಚೆ ಈಚೆ, ಮಾರಿಗೊಂದರಂತೆ ಕಬ್ಬಿಣದ ಗೂಟ ಹೊಡೆದು ತಲೆಗೆ ಕೆಂಪು ಬಳಿದು ರೂಮಿಗೆ ಹೋದೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಒಂದು ಗೂಟವೂ ಇಲ್ಲ.

ಮತ್ತೆ ಹೊಡೆದೆ. ಮತ್ತೆ ಮಾಯ. ಅಜ್ಜ ಬಾವಿಕಟ್ಟೆಯ ಮೇಲೆ ಕೂತು ಏನೂ ಗೊತ್ತಿಲ್ಲದವರ ಹಾಗೆ ಬೆತ್ತದಿಂದ ಮರಳಲ್ಲಿ ಗೀರುತ್ತಿದ್ದರು. ಕೇಳಿದರೆ, "ಒಂಟೆ ತಿಂದಿರಬೇಕು," ಎನ್ನುತ್ತಿದ್ದರು. ನನಗೆ ರೋಸಿಹೋಯಿತು. ಪ್ರಾಜೆಕ್ಟ್ ಎಂಜಿನಿಯರ್ ಶ್ರೀಧರ್‌ಗೆ ಫೋನ್ ಮಾಡಿದೆ. ಅವರು ಮೈಸೂರಿನವರು, ಕೂಗಾಡುವ ಮನುಷ್ಯನಲ್ಲ.

"ಇಬ್ರಾಹಿಂ ಅವ್ರೇ, ಯಾಕ್ರೀ ತಲೆ ಕೆಡಿಸ್ಕೋತೀರಾ? ಪಾಯಿಂಟ್ ಎಲ್ಲಾ ಮೆಷಿನ್ನಲ್ಲಿ ಸೇವ್ ಆಗಿದೆ ತಾನೆ? ಅವ್ರು ಕೀಳ್ತಾ ಇರ್ಲಿ, ನೀವು ಹೊಡೀತಾ ಇರಿ."

ಹಾಗೆಯೇ ಆಯಿತು. ಅವರು ಕಿತ್ತರು, ನಾನು ಹೊಡೆದೆ. ಗೂಟ ಸಪ್ಲೈ ಮಾಡುವವನು, ಅಲ್ಲಿ ರಸ್ತೆ ಮಾಡುತ್ತೀರೋ ಬೇಲಿ ಹಾಕುತ್ತೀರೋ ಎಂದು ಕೇಳಿದ.

ಆ ವಾರವೇ ಗುರುವಾರ ಸಂಜೆ ಮನೆಗೆ ಬಂದಾಗ ಅಫ್ರಾ ಹಾಲಿನ ತುಂಬ ಚಾರ್ಟ್ ಹರಡಿಕೊಂಡು ಕೂತಿದ್ದಳು. ಆಗ ಏಳನೇ ಕ್ಲಾಸು, ದಾರ್ಸೈಟ್‌ನ ಶಾಲೆ. ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ನೆಲ ಕಳೆದುಕೊಂಡ ಯಾವುದಾದರೂ ಜನರಲ್ಲಿ ಒಬ್ಬನನ್ನು ಕಲ್ಪಿಸಿಕೊಂಡು ಅವನ ಜೀವನವನ್ನು ಎಂಟು ಚಿತ್ರಗಳಲ್ಲಿ ಬರೆಯಬೇಕು. ಅವಳು ಆರಿಸಿಕೊಂಡದ್ದು ಅಮೆರಿಕದ ಬಯಲಿನಲ್ಲಿ ಕುದುರೆ ಏರಿ ಕಾಡೆಮ್ಮೆ ಬೇಟೆಯಾಡುತ್ತಿದ್ದ 'ಸೂ' ಬುಡಕಟ್ಟಿನ ಒಬ್ಬ ಯೋಧನನ್ನು. ಮೈ ವಾರಿಯರ್, ಮೈ ವಾರಿಯರ್ ಎಂದು ಅವಳ ಬಾಯಲ್ಲಿ ಅದೇ ಜಪ. ಒಂದನೆಯದರಲ್ಲಿ ಅವನು ತೊಟ್ಟಿಲ ಮಗು. ಎರಡನೆಯದರಲ್ಲಿ ಜೀನಿಲ್ಲದ ಕುದುರೆ ಮೇಲೆ. ಮೂರನೆಯದರಲ್ಲಿ ಮೊದಲ ಕಾಡೆಮ್ಮೆ. ನಾಲ್ಕನೆಯದರಲ್ಲಿ ಅವನ ಹಿರಿಯರು ಒಂದು ಕಾಗದಕ್ಕೆ ಗುರುತು ಹಾಕುತ್ತಿದ್ದಾರೆ, ಈ ಗುಡ್ಡಗಳು ಎಂದೆಂದಿಗೂ ನಿಮ್ಮದೇ ಎಂದು ಅದರಲ್ಲಿ ಬರೆದಿದೆ.

"ಐದನೆಯದು?" ಎಂದು ಕೇಳಿದೆ.

"ಫಸ್ಟ್ ಸೋಲ್ಜರ್ಸ್ ಬಂದದ್ದಲ್ಲ ಪಪ್ಪ. ಫಸ್ಟ್ ಸರ್ವೇಯರ್ಸ್ ಬಂದ್ರು. ರೈಲಿಗೆ ಲೈನ್ ಹಾಕ್ಲಿಕ್ಕೆ. ಮೈ ವಾರಿಯರ್ ಅವ್ರ ಗೂಟ ಎಲ್ಲ ಕಿತ್ತು ಬಿಸಾಡ್ತಾನೆ." ತಲೆಯೆತ್ತಿ ನನ್ನನ್ನು ನೋಡಿದಳು. "ನಿಮ್ದು ಸಹ ಯಾರಾದ್ರೂ ಕೀಳ್ತಾರಾ?"

"ಒಂಟೆ ತಿನ್ತದೆ," ಎಂದು ಒಳಗೆ ಹೋದೆ.

ಫೆಬ್ರವರಿ ನಡುವಿನ ಒಂದು ಬೆಳಿಗ್ಗೆ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಹಿತವಾಗಿತ್ತು. ಎಂದಿನಂತೆ ಗೂಟಗಳ ಕಟ್ಟು ಹೊತ್ತು ತೋಟಕ್ಕೆ ಬಂದರೆ ಬಾವಿಯ ಹತ್ತಿರ ಜನ. ಹತ್ತಿಪ್ಪತ್ತು ಮಂದಿ, ಎಲ್ಲರ ಕೈಯಲ್ಲೂ ಚೀಲ, ಬುಟ್ಟಿ. ಸಹಿ ಹಾಕಿ ಹೋದವರೂ ಇದ್ದರು. ನಾನು ಕೆಂಪು ಬಳಿದ ನಲವತ್ತೊಂದನೆಯ ಮರದ ತುದಿಯಲ್ಲಿ ಅಜ್ಜ! ಸೊಂಟಕ್ಕೆ ಹಗ್ಗದ ಪಟ್ಟಿ, ಹಲ್ಲಲ್ಲಿ ಕುಡುಗೋಲು. ಮೇಲಿಂದ ದೊಡ್ಡ ದೊಡ್ಡ ಹೊಂಬಾಳೆಗಳನ್ನು ಕಡಿದು ಇಳಿಸುತ್ತಿದ್ದಾರೆ. ಕೆಳಗೆ ಅದನ್ನು ಸೀಳಿದರೆ ಒಳಗೆ ಬಿಳಿ ಎಳೆಗಳು. ಅಲುಗಿಸಿದರೆ ಹಿಟ್ಟಿನಂತೆ ಪುಡಿ ಹಾರುತ್ತದೆ. ಆ ವಾಸನೆ ಇಡೀ ತೋಟ ಹಬ್ಬಿತ್ತು. ನನ್ನ ಮೀಸೆಯ ಮೇಲೂ ಪುಡಿ ಕೂತಿತು.

ಬಂಜೆ ಮರದಲ್ಲಿ ಹೂವು ಹೇಗೆ? ಪಕ್ಕದವನನ್ನು ಕೇಳಿದೆ. ಅವನು ಇವನಿಗೇನು ಹುಚ್ಚೇ ಎನ್ನುವಂತೆ ನೋಡಿದ.

"ಇದು ಗಂಡು. ಇದರ ಎಳೆ ತಗೊಂಡು ಹೋಗಿ ಹೆಣ್ಣು ಮರದ ಹೂವಿಗೆ ಕಟ್ಟಬೇಕು. ಇಲ್ಲದಿದ್ದರೆ ಎಲ್ಲಿಯ ಖರ್ಜೂರ? ಈ ಸಾಲಿನ ಎಲ್ಲ ತೋಟಗಳಿಗೂ ಇವನೇ ಅಪ್ಪ."

ಅಜ್ಜ ಇಳಿದು ಬಂದರು. ನನ್ನ ಕೈಯಲ್ಲಿದ್ದ ಗೂಟಗಳ ಕಟ್ಟನ್ನೂ ಮರದ ಮೇಲಿನ ಕೆಂಪು ಗುರುತನ್ನೂ ಬೆತ್ತದಿಂದ ತೋರಿಸಿದರು.

"ಇದಕ್ಕೆ ಏನಂತ ಬರೆದೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹಣ್ಣು ಕೊಡದ ಮರ ಅಂತ ಬರೆದೆ ವಾಲಿದ್," ಎಂದೆ. ಅಲ್ಲಿ ಹಿರಿಯರನ್ನು ತಂದೆ ಎಂದೇ ಕರೆಯುವುದು.

ಜನ ಬಿದ್ದು ಬಿದ್ದು ನಕ್ಕರು. ಅಜ್ಜ ನಗಲಿಲ್ಲ.

"ನಿನಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಹೆತ್ತವನು ನೀನಾ, ನಿನ್ನ ಹೆಂಡತಿಯಾ?" ಎಂದು ಕೇಳಿದರು. "ಹಾಗಾದರೆ ನಿನ್ನ ಹೆಸರಿನ ಮುಂದೆಯೂ ಅದನ್ನೇ ಬರಿ."

ಮುಖಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ಮರ ಅವರ ಅಜ್ಜ ನೆಟ್ಟದ್ದಂತೆ. ಅದನ್ನು ಬಂಜೆ ಎಂದು ಬರೆದು, ರಸ್ತೆಗೆ ದಾರಿ ಮಾಡಿಕೊಟ್ಟು, ತಿಂಗಳಿಂದ ಅದರ ಬುಡದಲ್ಲೇ ಗೂಟ ಹೊಡೆಯುತ್ತಿದ್ದವನು ನಾನು. ಅಂದೇ ಶ್ರೀಧರ್ ಹತ್ತಿರ ಓಡಿದೆ.

"ಸಾರ್, ಪಟ್ಟಿ ತಪ್ಪಾಗಿದೆ."

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. "ಅಪ್ರೂವ್ ಆಗೋಗಿದೆ ಕಣ್ರೀ. ಖಲಾಸ್. ಈಗ ತಪ್ಪು ಅಂತ ಬರೆದ್ರೆ ಯಾರ ತಪ್ಪು ಅಂತಾರೆ? ಜುಲೈನಲ್ಲಿ ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ಇದೆ. ಮಗಳು ಓದ್ತಾ ಇದ್ದಾಳೆ. ನಾನು ಕೇಳಿಸ್ಕೊಂಡಿಲ್ಲ, ನೀವು ಹೇಳಿಲ್ಲ. ಆಯ್ತಾ?"

ಆಯ್ತು ಸಾರ್ ಎಂದು ಹೇಳಿ ಬಂದೆ. ಏನಾಯ್ತು, ಏನೂ ಆಗಲಿಲ್ಲ. ಒಂದು ಹಾಳೆ ಬರೆದರೆ ಮುಗಿಯುವ ಕೆಲಸವನ್ನು ಎರಡು ತಿಂಗಳು ಎಳೆದೆ. ಬರೆಯುವುದು, ಹರಿಯುವುದು. ಮಾರ್ಚಿನಲ್ಲಿ ದೂಳು ಗಾಳಿ ಎದ್ದಿತು. ಕಣ್ಣಲ್ಲಿ ಮರಳು, ಹಲ್ಲಲ್ಲಿ ಮರಳು. ರೂಮಿನಲ್ಲಿ ಕೂರಲಾಗದೆ ಸಂಜೆ ಸಮುದ್ರದ ಬದಿಯಲ್ಲಿ ನಡೆಯುತ್ತಿದ್ದೆ. ಅಲ್ಲಿಯೂ ನಿಲ್ಲಲಾಗದೆ ಕಾರು ಹತ್ತಿ ಸುಮ್ಮನೆ ಸೊಹಾರ್‌ವರೆಗೆ ಹೋಗಿ ಒಂದು ಚಹಾ ಕುಡಿದು ವಾಪಸ್ ಬರುತ್ತಿದ್ದೆ. ಕಾಂಟ್ರಾಕ್ಟ್ ಹೋದರೆ ವೀಸಾ ಹೋಯಿತು. ಊರಲ್ಲಿ ನನಗೆ ಕಾಯುತ್ತಿದ್ದ ಕೆಲಸ ಯಾವುದೂ ಇರಲಿಲ್ಲ. ಮನೆಗೆ ಹೋದರೆ ಅಡುಗೆಮನೆ ಬಾಗಿಲಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ.

"ನಿಮ್ಗೆ ಎಂತ ಆಗಿದೆ? ಕಾಲಿಗೆ ಇರುವೆ ಹತ್ತಿದವರ ಹಾಗೆ!" ರಮ್ಲತ್ ಒಂದು ದಿನ ನನ್ನ ಕೈ ಹಿಡಿದು ಕೂರಿಸಿದಳು. ಎಲ್ಲ ಹೇಳಿದೆ.

"ಬರೆದ್ರೆ ಕೆಲಸ ಹೋಗ್ತದಾ?"

"ಹೋಗ್ಲಿಕ್ಕೂ ಸಾಕು."

"ಬರೆಯದಿದ್ರೆ ನೀವು ಹೀಗೇ ತಿರುಗುದಾ?"

ಅಷ್ಟರಲ್ಲಿ ಅಫ್ರಾ ಬಂದಳು. ಐದನೆಯ ಚಿತ್ರ ಇನ್ನೂ ಆಗಿರಲಿಲ್ಲ. ಸರ್ವೇಯರ್ ನಿಲ್ಲುವುದು ಹೇಗೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲವಂತೆ. ನಾನು ಟ್ರೈಪಾಡ್ ಹಿಡಿದು, ಒಂದು ಕಣ್ಣು ಮುಚ್ಚಿ ನಿಲ್ಲಬೇಕಂತೆ, ಅವಳು ನೋಡಿ ಬಿಡಿಸುತ್ತಾಳಂತೆ. ಬೇಡವೆನ್ನಲಾಗಲಿಲ್ಲ. ಹಾಲಿನ ನಡುವೆ ಟ್ರೈಪಾಡ್ ಇಟ್ಟು ಬಗ್ಗಿ ನಿಂತೆ.

ಹಾಗೆ ಬಗ್ಗಿ ನಿಂತಾಗಲೇ ಆ ನೆನಪು ಬಂದದ್ದು. ಹತ್ತು ವರ್ಷದವನಿದ್ದಾಗ ನಮ್ಮ ಹಿತ್ತಲಿಗೂ ಒಬ್ಬರು ಹೀಗೆಯೇ ಯಂತ್ರ ಹಿಡಿದು ಬಂದಿದ್ದರು. ಯಾವುದೋ ಕಾರ್ಖಾನೆಗೆ ಜಾಗ ಬೇಕಿತ್ತು. ನಾನೇ ಅವರಿಗೆ ಎಳನೀರು ತಂದುಕೊಟ್ಟೆ. ಖುಷಿಯಾಗಿ ಅವರು ನನ್ನನ್ನು ಎತ್ತಿ ದುರ್ಬೀನಿನಲ್ಲಿ ನೋಡಿಸಿದರು. ಹಳೆಯ ಕಾಲದ ಯಂತ್ರ, ಅದರಲ್ಲಿ ಎಲ್ಲವೂ ಉಲ್ಟಾ ಕಾಣುತ್ತಿತ್ತು. ನಮ್ಮ ಮನೆ ತಲೆಕೆಳಗಾಗಿ ನಿಂತಿತ್ತು, ಅಂಗಳದಲ್ಲಿದ್ದ ಉಮ್ಮ ಆಕಾಶದಿಂದ ನೇತಾಡುತ್ತಿದ್ದರು. ನಾನು ಕೈ ತಟ್ಟಿ ನಕ್ಕಿದ್ದೆ. ದೊಡ್ಡವನಾದ ಮೇಲೆ ಇದೇ ಕೆಲಸ ಮಾಡಬೇಕೆಂದು ಅಂದೇ ನಿಶ್ಚಯ ಮಾಡಿದ್ದೆ. ಆ ಮನೆ ಮರುವರ್ಷ ಇರಲಿಲ್ಲ. ಇಷ್ಟು ವರ್ಷ ಆ ಎರಡು ಸಂಗತಿಗಳನ್ನು ನಾನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

"ಪಪ್ಪ, ಅಳ್ಬೇಡಿ, ಸ್ಟಿಲ್ ಆಗಿ ನಿಲ್ಲಿ," ಎಂದಳು ಅಫ್ರಾ.

ಏಪ್ರಿಲ್ ಕೊನೆಯಲ್ಲಿ ಯಂತ್ರಗಳು ಬಂದವು. ಒಂದು ಬುಲ್ಡೋಜರ್, ಒಂದು ಜೆಸಿಬಿ. ಓಡಿಸುವವರು ಇಬ್ಬರು ಪಠಾಣರು. ಶ್ರೀಧರ್ ಕೂಡ ಬಂದಿದ್ದರು. ತೋಟದ ಬಾಗಿಲು ತೆರೆದೇ ಇತ್ತು. ಒಳಗೆ, ನಲವತ್ತೊಂದನೆಯ ಮರದ ಬುಡದಲ್ಲಿ ಚಾಪೆ ಹಾಸಿ ಖಲ್ಫಾನ್ ಅಜ್ಜ ಕೂತಿದ್ದರು. ಒಗೆದ ಬಿಳಿ ಅಂಗಿ, ತಲೆಗೆ ಮುಂಡಾಸು, ಸೊಂಟದಲ್ಲಿ ಬೆಳ್ಳಿಯ ಬಾಕು. ಹಬ್ಬಕ್ಕೋ ಮದುವೆಗೋ ಮಾತ್ರ ಕಟ್ಟುವ ಬಾಕು ಅದು. ಮುಂದೆ ಒಂದು ತಟ್ಟೆ ಖರ್ಜೂರ, ಕಹ್ವಾ ಎನ್ನುವ ಅರಬ್ಬಿ ಕಾಫಿಯ ಹೂಜಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು.

ಯುದ್ಧವಾಗುತ್ತದೆ ಎಂದುಕೊಂಡೆ. ಅಜ್ಜ ಎದ್ದು ನಿಂತು, "ಬನ್ನಿ, ಕಹ್ವಾ ಕುಡಿಯಿರಿ," ಎಂದರು.

ಆ ನಾಡಿನಲ್ಲಿ ಕಹ್ವಾ ಬೇಡ ಎನ್ನುವುದು ಮುಖದ ಮೇಲೆ ಉಗಿದಂತೆ. ಎಲ್ಲರೂ ಕೂತರು. ಕುಡಿದ ಬಟ್ಟಲನ್ನು ಅಲುಗಿಸಿ ಕೊಟ್ಟರೆ ಸಾಕು ಎಂದು ಅರ್ಥ, ಅಲುಗಿಸದಿದ್ದರೆ ಮತ್ತೆ ತುಂಬುತ್ತಾರೆ. ಪಠಾಣರಿಗೆ ಈ ಪದ್ಧತಿ ಚೆನ್ನಾಗಿಯೇ ಗೊತ್ತಿತ್ತು. ಆದರೂ ಅವರು ಅಲುಗಿಸಲಿಲ್ಲ! ಅಜ್ಜ ತುಂಬಿದರು, ಅವರು ಕುಡಿದರು. ಮತ್ತೆ ತುಂಬಿದರು, ಮತ್ತೆ ಕುಡಿದರು. ಶ್ರೀಧರ್ ಗಡಿಯಾರ ನೋಡಿದರು, ಕೆಮ್ಮಿದರು. ಪಠಾಣರು ಮರದ ತುದಿಯನ್ನು ನೋಡುತ್ತಾ ಹತ್ತನೆಯ ಬಟ್ಟಲು ಮುಗಿಸಿದರು. ಬಿಸಿಲು ನೆತ್ತಿಗೆ ಬಂತು, ಬಾಂಗು ಕೂಗಿತು, ಶ್ರೀಧರ್ ಒಬ್ಬರನ್ನು ಬಿಟ್ಟು ಎಲ್ಲರೂ ನಮಾಜಿಗೆ ಎದ್ದರು.

ನಮಾಜು ಮುಗಿದ ಮೇಲೆ ಶ್ರೀಧರ್‌ಗೆ ತಾಳ್ಮೆ ಇರಲಿಲ್ಲ. "ಇಬ್ರಾಹಿಂ ಅವ್ರೇ, ಸಾಕು ನಾಟಕ. ಅವ್ರಿಗೆ ಹೇಳಿ, ಇದು ಬಂಜೆ ಮರ, ಲಿಸ್ಟಲ್ಲಿದೆ, ತೆಗೀತೀವಿ ಅಂತ. ನೀವೇ ತಾನೆ ಬರ್ದಿದ್ದು? ನೀವೇ ಹೇಳಿ."

ಅಜ್ಜ ನನ್ನನ್ನೇ ನೋಡುತ್ತಿದ್ದರು. ಬಾಕಿನ ಮೇಲೆ ಅವರ ಕೈ ಇರಲಿಲ್ಲ. ಕೈ ಮರದ ಮೇಲಿತ್ತು, ನಾನು ಬಳಿದ ಕೆಂಪು ಬಣ್ಣದ ಮೇಲೆ. ತಲೆಯ ಮೇಲೆ ಹೆಣ್ಣು ಮರಗಳಲ್ಲಿ ಹಸಿರು ಮಣಿಗಳಂತೆ ಕಾಯಿ ಕಟ್ಟಿತ್ತು. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಎರಡು ತಿಂಗಳು ತಿರುಗಿ ತಿರುಗಿ ಕಾಲು ಸೋತಿತ್ತು.

"ಅದು ಸುಳ್ಳು ಸಾರ್," ಎಂದೆ. ಆಮೇಲೆ ಅದನ್ನೇ ಹಿಂದಿಯಲ್ಲಿ, ಮತ್ತೆ ನನಗೆ ಬರುವಷ್ಟು ಅರಬ್ಬಿಯಲ್ಲಿ ಜೋರಾಗಿ ಹೇಳಿದೆ, ಎಲ್ಲರಿಗೂ ಕೇಳುವಂತೆ. "ಪಟ್ಟಿ ತಪ್ಪು. ಬರೆದವನು ನಾನು. ನನಗೆ ಖರ್ಜೂರದ ಮರ ಗೊತ್ತಿರಲಿಲ್ಲ."

ಪಠಾಣರಲ್ಲಿ ದೊಡ್ಡವನು ಎದ್ದು ಹೋಗಿ ಬುಲ್ಡೋಜರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ನಾನು ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆದು ಸಹಿ ಹಾಕಿದೆ. ಎರಡು ತಿಂಗಳಲ್ಲಿ ಆಗದ್ದು ಐದು ನಿಮಿಷದಲ್ಲಿ ಆಯಿತು. ಶ್ರೀಧರ್ ಅದನ್ನು ಓದಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ಮಡಚಿ ಫೈಲಿನಲ್ಲಿಟ್ಟರು.

"ನೀವು ಹಾಳಾಗೋದಲ್ದೆ ನನ್ನನ್ನೂ ಹಾಳು ಮಾಡ್ತೀರಲ್ರೀ," ಎಂದರು. ಆದರೆ ಕಳುಹಿಸಿದರು. ಅವರಿಗೆ ನಾನು ಇಂದಿಗೂ ಋಣಿ.

ಜೂನಿನಲ್ಲಿ ತೀರ್ಮಾನ ಬಂತು. ಸೆಖೆಗೆ ಅಂಗಿ ಮೈಗೆ ಅಂಟುತ್ತಿದ್ದ ದಿನಗಳು, ಖರ್ಜೂರ ಹಳದಿಗೆ ತಿರುಗಿತ್ತು. ರಸ್ತೆ ಬಾಗುತ್ತದೆ. ಬಾವಿ ಉಳಿಯುತ್ತದೆ, ಅರವತ್ತು ಮರಗಳು ಉಳಿಯುತ್ತವೆ. ನಾನು ಕುಣಿದುಬಿಟ್ಟೆ. ನಕ್ಷೆಯನ್ನು ಇನ್ನೊಮ್ಮೆ ನೋಡಿದಾಗ ಕುಣಿತ ನಿಂತಿತು. ಬಾಗು ಎಷ್ಟು ಬೇಕೋ ಅಷ್ಟೇ; ಬಾವಿಕಟ್ಟೆ ದಾಟಿದ ಕೂಡಲೇ ಚರಂಡಿ. ಚರಂಡಿಯ ಗೆರೆಯ ಮೇಲೆ ನಲವತ್ತೊಂದು. ತಿದ್ದಿದ ಪಟ್ಟಿಯ ನಮೂನೆಯಲ್ಲಿ ಇದ್ದದ್ದು ಎರಡೇ ಕಾಲಮು, ಫಲದ ಮರ, ಫಲವಿಲ್ಲದ ಮರ. ಬಾವಿಯ ಸುತ್ತಲಿನ ಎಳೆ ಮರಗಳು ಮೊದಲನೆಯದಕ್ಕೆ ಸೇರಿ ರಸ್ತೆಯನ್ನು ಬಾಗಿಸಿದ್ದವು. ಗಂಡು ಎಂದು ಬರೆಯಲು ಜಾಗವೇ ಇರಲಿಲ್ಲ. ನಾನು ಪಕ್ಕದಲ್ಲಿ ಬರೆದ ಟಿಪ್ಪಣಿಯನ್ನು ಯಾರೂ ಓದಲಿಲ್ಲ, ಅಥವಾ ಓದಿಯೂ ಒಂದು ಮರ ತಾನೇ ಎಂದರು.

ಅಜ್ಜನಿಗೆ ಹೇಳಲು ಹೋದೆ. ಕೇಳಿ, ಬಗ್ಗಿ ಬಾವಿಯ ನೀರನ್ನು ನೋಡಿದರು. ಬೈಯುತ್ತಾರೆ, ಬೆತ್ತ ಎತ್ತುತ್ತಾರೆ ಎಂದು ಕಾದೆ. ಎತ್ತಿದ್ದರೆ ಹಗುರವಾಗುತ್ತಿತ್ತು.

"ಎಷ್ಟು ದಿನ?" ಎಂದರು.

"ಹತ್ತು ದಿನ ವಾಲಿದ್."

"ಸಾಕು," ಎಂದರು. ಯಾವುದಕ್ಕೆ ಸಾಕು ಎಂದು ನಾನು ಕೇಳಲಿಲ್ಲ.

ಕಡಿಯುವಾಗ ನಾನಿರಲಿಲ್ಲ. ಅಷ್ಟರಲ್ಲಿ ನನ್ನ ಆರ್ಡರೂ ಬಂದಿತ್ತು: ಸರ್ವೆಯಿಂದ ತೆಗೆದು ವಾದಿ ಕಬೀರ್‌ನ ಗೋದಾಮಿಗೆ, ಕಡಿಮೆ ಸಂಬಳಕ್ಕೆ. ವೀಸಾ ಉಳಿಯಿತು. ಏಳು ವರ್ಷದಿಂದ ಅಲ್ಲೇ ಪೈಪು, ಕೇಬಲ್ಲು ಎಣಿಸುತ್ತಿದ್ದೇನೆ. ರಮ್ಲತ್ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅಫ್ರಾಳ ಚಾರ್ಟಿಗೆ ಬಹುಮಾನ ಬರಲಿಲ್ಲ. ಆರು, ಏಳು ಚೆನ್ನಾಗಿದ್ದವು: ಯೋಧ ಒಂದು ಕದನ ಗೆಲ್ಲುತ್ತಾನೆ, ಆಮೇಲೆ ಹಸಿವಿಗೆ ಸೋತು ಕುದುರೆಯನ್ನೂ ಬಂದೂಕನ್ನೂ ಒಪ್ಪಿಸುತ್ತಾನೆ. ಎಂಟನೆಯದನ್ನು ಅವಳು ಖಾಲಿ ಬಿಟ್ಟಿದ್ದಳು. ಟೀಚರ್ ಕೇಳಿದ್ದಕ್ಕೆ, ಅವನ ಜನ ಇನ್ನೂ ಇದ್ದಾರೆ ಮಿಸ್, ಮುಗಿದಿಲ್ಲ ಎಂದಳಂತೆ. ಅಪೂರ್ಣ ಎಂದು ಅಂಕ ಕಡಿಮೆ ಮಾಡಿದರು. ಐದನೆಯದರಲ್ಲಿ ಟ್ರೈಪಾಡ್ ಹಿಂದೆ ಬಗ್ಗಿ ನಿಂತವನಿಗೆ ನನ್ನದೇ ಮೀಸೆ ಇತ್ತು.

ಕಾರು ನಿಲ್ಲಿಸಿದ್ದ ಜಾಗದಿಂದ ತೋಟದ ಬಾಗಿಲು ನೂರು ಹೆಜ್ಜೆ. ರಮ್ಲತ್ ಮದುವೆ ಸೀರೆಯಲ್ಲಿ ಮರಳಿಗೆ ಇಳಿಯಲು ಒಪ್ಪಲಿಲ್ಲ. ನಾನೂ ಅಫ್ರಾಳೂ ನಡೆದೆವು. ಇಷ್ಟು ವರ್ಷ ಇತ್ತ ಬರದೆ ಇದ್ದುದಕ್ಕೆ ನಾಚಿಕೆ, ಬಂದರೆ ಅಜ್ಜ ಇರಲಿಕ್ಕಿಲ್ಲ ಎಂಬ ಭಯ. ಎರಡು ಸಲ ವಾಪಸ್ ತಿರುಗಿದೆ. ಅಫ್ರಾ ಕೈ ಹಿಡಿದು ಎಳೆದಳು.

ಅಜ್ಜ ಇದ್ದರು. ಬಾವಿಕಟ್ಟೆಯ ಮೇಲೆ, ಕುಗ್ಗಿ ಅರ್ಧವಾಗಿದ್ದರು. ಕಣ್ಣು ಮಂಜು. ನಾನು ಸಲಾಂ ಹೇಳಿದಾಗ ದನಿ ಹಿಡಿದು ತಲೆಯೆತ್ತಿದರು.

"ಮಂಗ್ಲೂರ್?"

"ಹೌದು ವಾಲಿದ್."

"ಅಳೆಯಲು ಬಂದೆಯಾ?"

"ಇಲ್ಲ. ವಾಸನೆ ಬಂತು, ಅದಕ್ಕೆ ಬಂದೆ."

ಅವರು ನಕ್ಕರು, ಒಂದು ಹಲ್ಲು ಕಂಡಿತು. ಅಫ್ರಾಳ ಹೆಗಲು ಹಿಡಿದು ಎದ್ದು ಬಾವಿಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ನನ್ನ ತಲೆಗಿಂತ ಸ್ವಲ್ಪ ಎತ್ತರದ ಒಂದು ಮರ, ದಟ್ಟ ಗರಿ. ನಡುವೆ ಎರಡು ಹೊಂಬಾಳೆ, ಒಂದು ಆಗಲೇ ಬಿರಿದಿತ್ತು. ಹಳೆ ಮರದ ಬುಡದಲ್ಲಿ ಇದ್ದ ಒಂದೇ ಒಂದು ಮರಿಯನ್ನು ಆ ಹತ್ತು ದಿನಗಳಲ್ಲಿ ಅಗೆದು ತಂದು ನೆಟ್ಟಿದ್ದರು. ಹೂವು ಬಿಟ್ಟದ್ದು ಇದೇ ಮೊದಲಂತೆ. ಆರು ವರ್ಷ ಈ ಸಾಲಿನ ತೋಟಗಳವರೆಲ್ಲ ಪೇಟೆಯಿಂದ ಪುಡಿ ಕೊಂಡು ತಂದರಂತೆ. ಈ ವರ್ಷ ಮತ್ತೆ ಚೀಲ ಹಿಡಿದು ಇಲ್ಲಿಗೇ ಬಂದಿದ್ದರಂತೆ.

ಮರದ ಪಕ್ಕದಲ್ಲಿ ಒಂದು ಕಬ್ಬಿಣದ ಗೂಟ ನಿಂತಿತ್ತು. ಗಾಳಿಗೆ ಬಾಗದಿರಲೆಂದು ಎಳೆ ಮರವನ್ನು ಅದಕ್ಕೆ ಕಟ್ಟಿದ್ದರು. ಹಗ್ಗ ಜೀರ್ಣವಾಗಿತ್ತು. ಗೂಟದ ತಲೆಯಲ್ಲಿ ತುಕ್ಕಿನ ನಡುವೆ ಇನ್ನೂ ಸ್ವಲ್ಪ ಕೆಂಪು. ಸುತ್ತ ನೋಡಿದೆ. ತೋಟದ ತುಂಬ ಎಳೆ ಮರಗಳು, ಒಂದೊಂದರ ಪಕ್ಕದಲ್ಲಿ ಒಂದೊಂದು ನನ್ನ ಗೂಟ. ಒಂಟೆ ಒಂದನ್ನೂ ತಿಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಮಗಳ ಎದುರೇ ಅತ್ತೆ.

ಅಫ್ರಾ ಗೂಟವನ್ನೂ ನನ್ನನ್ನೂ ನೋಡಿದಳು. ಅವಳಿಗೆ ತಿಳಿಯಿತು. "ಇದು ಫಿಫ್ತ್ ಪಿಕ್ಚರ್ ಅಲ್ವಾ ಪಪ್ಪ?" ಎಂದಳು ಮೆಲ್ಲಗೆ.

ಅಜ್ಜ ಮರದ ಕಾಂಡವನ್ನು ತಟ್ಟಿದರು. "ಇನ್ನು ಇವನು ತಾನೇ ನಿಲ್ಲುತ್ತಾನೆ," ಎಂದರು. "ನಿನ್ನದು ನೀನು ತಗೊಂಡು ಹೋಗು."

ನಾನು ಮದುವೆಯ ಹೊಸ ಅಂಗಿಯ ತೋಳು ಮಡಚಿ ಮಂಡಿಯೂರಿದೆ. ಗೂಟ ಗಟ್ಟಿಯಾಗಿ ಕೂತಿತ್ತು. ಮೂರು ಸಲ ಅಲುಗಿಸಬೇಕಾಯಿತು. ಆ ಸಾಲಿನಲ್ಲಿ ನಾನು ಎಷ್ಟು ಗೂಟ ಹೊಡೆದಿದ್ದೆನೋ ಲೆಕ್ಕವಿಲ್ಲ. ನನ್ನ ಕೈಯಿಂದಲೇ ಕಿತ್ತದ್ದು ಅದೊಂದನ್ನೇ.